ಬಾಜೂ ಸೀಟಿನ ಕಾಲು

ಮಾಸ್ತರು ತೀರಿಕೊಂಡು ತಿಂಗಳಾತು. ಅವರ ಕಡೆ ವಿಮಾನ ಹಾರಿಸೋದು ಕಲಿತ ಹುಡುಗ ಹುಡುಗ್ಯಾರು ಕೂಡಿ ಅವರ ನೆನಪಿಗೆ ಒಂದು ಪುಸ್ತಕ ಮಾಡಾಕತ್ತಾರ. ನನ್ನ ಮೊಮ್ಮಗಳು ಸವಿತಾ ಬಂದು, "ಆಯಿ, ನೀನೂ ನಾಕ ಸಾಲ ಬರಿ, ಸರ ನಮ್ಮನಿಗೆ ಭಾಳ ಸಲ ಬಂದಾರ" ಅಂದ್ಲು. ನಾ ಸಾಲಿ ಕಲಿತದ್ದು ನಾಕನೇ ಇಯತ್ತಾತನಾ. ಅಕ್ಷರ ಸೊಟ್ಟ ಬರ್ತಾವು, ಆದ್ರ ಬರ್ತಾವು.

ಬರದವರೆಲ್ಲಾರೂ ದೇವರಂಥಾ ಮನಷ್ಯಾ ಅಂತ ಬರದಾರಂತ. ನಾ ಹಂಗ ಬರಿಯಂಗಿಲ್ಲ. ಒಳ್ಳೇವ್ರಿದ್ರು, ಖರೆ. ಆ ಒಳ್ಳೇತನ ನಮ್ಮ ಹುಡುಗೀನ್ನ ಕೊಲ್ಲೂದೊಂದ ಬಾಕಿ ಇತ್ತು. ಅದನ್ನ ಬಿಟ್ಟು ಬರಿ ಅಂದ್ರ ನನ್ನ ಕೈಲಿ ಆಗಂಗಿಲ್ಲ.

ಮಾಸ್ತರು ಹುಕ್ಕೇರಿಯವ್ರು. ಪರಊರಾಗ ಇದ್ದು ಭಾಳ ವರ್ಷ ವಿಮಾನ ಹಾರಿಸಿ, ವಯಸ್ಸಾದ ಮ್ಯಾಲ ಊರಿಗೆ ಬಂದಿದ್ರು. ಊರಾಚೆ ಹೆದ್ದಾರಿ ಕಡೆ ವಿಮಾನ ಕಲಿಸೋ ಒಂದು ಖಾಸಗಿ ಸಾಲಿ ಆದಾಗ ಅಲ್ಲೆ ಕಲಸಾಕ ಹತ್ತಿದ್ರು. ಅಲ್ಲಿನ ವಿಮಾನ ಅಂದ್ರ ದೊಡ್ಡವಲ್ಲ. ಮುಂದ ಒಂದ ಪಂಖಾ, ಒಳಗ ಬಾಜೂ ಬಾಜೂ ಎರಡ ಸೀಟು. ಎಡಕ್ಕ ಕಲಿಯಾವ್ರು, ಬಲಕ್ಕ ಮಾಸ್ತರು. ಇಬ್ಬರ ಕಾಲಾಗೂ ಪೆಡಲ್ ಇರ್ತಾವು, ಕೈ ಮುಂದೂ ಒಂದೊಂದು ಸ್ಟೇರಿಂಗ್.

ಕಲಿಯಾಕ ಹೆಸರ ಹಚ್ಚಿದವರ ಮನಿಮನಿಗೂ ಒಮ್ಮೆ ಹೋಗಿ ಬರೋದು ಅವರ ಪದ್ಧತಿ. ಹಂಗ ನಾಗನೂರಿಗೆ, ನಮ್ಮ ಮನಿಗೂ ಬಂದ್ರು. ಕುಳ್ಳ ಮನಷ್ಯಾ, ಬೋಳ ತಲಿ, ಕಿವಿ ಮ್ಯಾಲ ಅಷ್ಟ ಬಿಳಿ ಕೂದಲ. ಬಾಗಲದಾಗ ಬೂಟು ಬಿಟ್ಟು ಒಳಗ ಬಂದ್ರು. ತೆಳ್ಳನ ಬಟ್ಟೀ ಬೂಟು. ಹಿಮ್ಮಡದ ಕಡೆ ಸವದು ತೂತ ಬಿದ್ದಿತ್ತು, ಮುಂಗಾಲ ಕಡೆ ಅಂಗಡಿಯಿಂದ ಈಗ ತಂದಂಗಿತ್ತು. ನಂಗ ಕೇಳದ ಇರಾಕ ಆಗಲಿಲ್ಲ.

"ಮಾಸ್ತರ, ನೀವೇನು ಹಿಮ್ಮಡದ ಮ್ಯಾಲ ನಡೀತೀರೇನ್ರಿ?"

ನಕ್ಕರು. "ವಿಮಾನದಾಗ ಹಿಮ್ಮಡ ನೆಲಾ ಬಿಡಬಾರ್ದು ಅಕ್ಕಾರ. ಹಿಮ್ಮಡ ಊರಿ, ಮುಂಗಾಲಿಂದ ಪೆಡಲ್ಲಿನ ಬುಡಾ ಮೆಲ್ಲಕ ಒತ್ತಿದ್ರ ಮೂತಿ ಹೊಳ್ಳತೈತಿ. ಅದ ಪೆಡಲ್ಲಿನ ಮ್ಯಾಲಿನ ತುದಿ ಒತ್ತಿದ್ರ ಆ ಕಡಿ ಗಾಲಿಗೆ ಬ್ರೇಕು ಬೀಳತೈತಿ. ಪಾದ ಮ್ಯಾಲ ಸರೀತು ಅಂದ್ರ ಕೆಟ್ಟಿತು."

"ಮತ್ತ ಕೈಯಾಗಿನ ಸ್ಟೇರಿಂಗು?"

"ನೆಲದ ಮ್ಯಾಲ ಅದು ಬರೇ ಹಿಡಕೊಳ್ಳಾಕ. ಮ್ಯಾಲ ಏರೂಕಿಂತ ಮೊದಲ ಓಡ್ತೈತಿ ನೋಡ್ರಿ, ಆವಾಗ ಎಲ್ಲಾ ಕಾಲಿಂದ. ಇಂಜಿನ್ ಪೂರಾ ಕೊಟ್ಟ ಕೂಡ್ಲೆ ಮೂತಿ ಎಡಕ್ಕ ಎಳೀತೈತಿ. ಬಲಗಾಲ ಅದನ್ನ ಸೀದಾ ಇಡಬೇಕು."

ಇಷ್ಟು ಚಂದ ನನ್ನಂಥಾಕಿಗೆ ತಿಳಿಸಿ ಹೇಳಿದವ್ರು. ಇದನ್ನ ಕಲಿಯಾವ್ರ ಕಾಲಿಗೆ ತಿಳಿಸಿದ್ರ ನಾ ಇವತ್ತ ಕುಂತು ಬರಿಯೂ ಹೊತ್ತ ಬರತಿದ್ದಿಲ್ಲ.

ಅವರಿಗೊಂದು ಚಟಾ ಇತ್ತು. ಬ್ಯಾರೆದವರ ಕೈಯಾಗಿನ ಕೆಲಸಾ ಕಸಗೊಳ್ಳೂದು. ನಾ ಎಮ್ಮಿ ಕಟ್ಟಾಕತ್ತಿದ್ರ ಬಂದು ಹಗ್ಗಾ ಇಸಗೊಂಡ್ರು. ಗಂಟ ಹಾಕಾಕ ಬರಲಿಲ್ಲ, ಎಮ್ಮಿ ಹಿತ್ತಲ ಹಾರಿ ಹೋತು. "ನಿಮಗ್ಯಾರ ಕೇಳಿದ್ರು ಮಾಸ್ತರ?" ಅಂದ್ರ "ವಜ್ಜಿ ಆಗ್ತಿತ್ತಲ್ಲ ಅಕ್ಕಾರ ನಿಮಗ" ಅಂದ್ರು. ಐವತ್ತ ವರ್ಷ ಎಮ್ಮಿ ಕಟ್ಟಿದಾಕಿಗೆ. ಮಾತಾಡುವಾಗೂ ಹಂಗ. ನೀವು ಒಂದ ಮಾತ ಸುರು ಮಾಡಿದ್ರ ತುದೀ ಅವರ ಮುಗಸ್ತಿದ್ರು. ಗೋಕಾಕ ಸ್ಟ್ಯಾಂಡಿನಾಗ ಒಬ್ಬ ಮುದುಕಿ ಚೀಲಾ ಎತ್ತಿ ಬಸ್ಸಿಗೆ ಏರಿಸಿದ್ರಂತ. ಆಕಿ ಹುಕ್ಕೇರಿಗೆ ಹೋಗಾಕಿ, ಬಸ್ಸು ಮೂಡಲಗೀದು. ಚೀಲಾ ಮೂಡಲಗಿ ಮುಟ್ಟಿತು, ಮುದುಕಿ ಮಾಸ್ತರ ಅಂಗಿ ಹಿಡದು ಬೈಕೊಂತ ಸ್ಟ್ಯಾಂಡಿನಾಗ ಉಳದ್ಲು. ಇದನ್ನ ಅವರ ಹೇಳಿ ಅವರ ನಗ್ತಿದ್ರು. ನಾವೂ ನಗ್ತಿದ್ವಿ. ನಗೂದಲ್ಲ ಇದು ಅಂತ ಆವಾಗ ತಿಳೀಲಿಲ್ಲ.

ಸವಿತಾ ಒಂಬತ್ತನೇ ಇಯತ್ತಾದಾಗಿಂದ ಟ್ರ್ಯಾಕ್ಟರ್ ಹೊಡಿಯಾಕಿ. ಅವರಪ್ಪಗಿಂತ ಚಂದ ರಂಟಿ ಹೊಡೀತಾಳ. ವಿಮಾನ ಕಲಿಯಾಕ ಹೋದ ಮ್ಯಾಲ ದಿನಾ ಸಂಜಿಕಡೆ ಫೋನ್ ಮಾಡಿ, "ಆಯಿ, ಸರ ಇವತ್ತೂ ಶಾಬ್ಬಾಸ್ ಅಂದ್ರು. ದಾರದ ಮ್ಯಾಲ ಹೋದಂಗ ಸೀದಾ ಓಡಿಸ್ದಿ ಅಂದ್ರು" ಅಂತಿದ್ಲು. ನಾ ಓಣ್ಯಾಗ ಹೇಳಕೋತ ಅಡ್ಡಾಡಿದೆ.

ಆಮ್ಯಾಲ ಒಂದ ದಿನ ಮಾಸ್ತರು ವಿಮಾನದಿಂದ ಕೆಳಗ ಇಳದು, "ಹೋಗವಾ, ಈಗ ಒಬ್ಬಾಕೀನ ಹಾರಿಸಿ ಬಾ" ಅಂದ್ರು. ಮೊದಲನೇ ಸಲ ಒಬ್ಬಾಕಿ. ಇಂಜಿನ್ ಪೂರಾ ಕೊಟ್ಟಳು. ಬಾಜೂದಿಂದ ಗಾಳಿ ಇತ್ತು. ಮೂತಿ ಎಡಕ್ಕ ಎಳೀತು. ಆಕಿ ಬಲಗಾಲ ಹಾಕಿದ್ಲು. ವಿಮಾನ ಗಿರ್ರನ ಬಲಕ್ಕ ಹೊಳ್ಳಿ, ಡಾಂಬರ ಬಿಟ್ಟು, ಬೇಲಿ ಹರಕೊಂಡು ಬಾಜೂದ ಕಬ್ಬಿನಾಗ ಹೊಕ್ಕಿತು. ಮುಂದಿನ ಗಾಲಿ ಮುರೀತು. ಒಂದ ರೆಕ್ಕಿ ಮಣ್ಣಾಗ ಊರಿ ವಿಮಾನ ಅಡ್ಡ ನಿಂತಿತು. ಸವಿತಾನ ಎಡಗೈ ಮಣಿಕಟ್ಟ ಮುರೀತು, ಗದ್ದಕ್ಕ ಹೊಲಗಿ ಬಿದ್ದುವು. ಎಣ್ಣಿಗೆ ಬೆಂಕಿ ಹತ್ತಲಿಲ್ಲ. ಹತ್ತಿದ್ರ ನಾ ಯಾವ ಪುಸ್ತಕಕ್ಕೂ ಏನೂ ಬರೀತಿದ್ದಿಲ್ಲ.

ಹುಕ್ಕೇರಿ ದವಾಖಾನ್ಯಾಗ ಮಾಸ್ತರು ಆಕಿ ಮಂಚದ ಬಾಜೂಕ ನಿಂತಿದ್ರು. ಕಿತ್ತಳಿ ಸುಲದು ತೊಳಿ ತೊಳಿ ಬಿಡಿಸಿ ಆಕಿ ಬಾಯಾಗ ಇಡಾಕತ್ತಿದ್ರು. ಆಕಿ ಬಲಗೈ ನೆಟ್ಟಗ ಇತ್ತು, ಆಕೀನ ತಿನ್ನಬಹುದಿತ್ತು.

ಎಂಟ ದಿನಕ್ಕ ಸಾಲಿಯಿಂದ ಒಂದು ಕಾಗದ ಬಂತು. ಹುಡುಗಿನ್ನ ಸಾಲಿಯಿಂದ ತಗದೀವಿ ಅಂತ ಇತ್ತು. ಯಾಕಂದ್ರ, "ಪೆಡಲ್ ಮೇಲೆ ಪಾದ ಇಡುವ ರೀತಿಯನ್ನು ಅನೇಕ ಸಲ ತಿದ್ದಿ ಹೇಳಿದರೂ ವಿದ್ಯಾರ್ಥಿನಿ ಕೇಳಿಲ್ಲ." ಕೆಳಗ ಮಾಸ್ತರ ಸಹಿ.

ಸವಿತಾ ಅದನ್ನ ಮೂರ ಸಲ ಓದಿದ್ಲು. ಅಳಲಿಲ್ಲ. "ಸರ ಸುಳ್ಳ ಬರಿಯಂಗಿಲ್ಲ ಆಯಿ. ಹೇಳಿರಬೇಕು. ನನ್ನ ತಲಿಯಾಗ ಉಳದಿಲ್ಲ" ಅಂದ್ಲು. ಮರುದಿನಾನೂ ಅದನ್ನ ಅಂದ್ಲು. ಊಟಕ್ಕ ಕುಂತಾಗ ತಾಟಿನ ಮುಂದ ಬೆರಳ ಮಡಚಿ, ಯಾವ ದಿನ ಹೇಳಿರಬೇಕು ಅಂತ ನೆನಸಾಕ ಹತ್ತಿದ್ಲು. ವಾರದಾಗ ಆಕಿ ಹೆಂಗಾದ್ಲು ಅಂದ್ರ, ಒಲಿ ಆರಿಸೇನೋ ಇಲ್ಲೋ ಅಂತ ಎರಡೆರಡ ಸಲ ಎದ್ದು ಹೋಗಿ ನೋಡಾಕಿ. ತನ್ನ ಕಿವಿ ಮ್ಯಾಲ, ತನ್ನ ತಲಿ ಮ್ಯಾಲ ನಂಬಿಕಿ ಹೋತು ಆಕೀದು. ಕೈ ಮುರದದ್ದಕ್ಕ ನಂಗ ಸಿಟ್ಟು ಬಂದಿದ್ದಿಲ್ಲ. ಇದಕ್ಕ ಬಂತು.

ಆಕಿಗಿಂತ ಮೊದಲ ಕುಲಗೋಡದಾವ ಒಬ್ಬ, ಅರಭಾವಿ ಕಡೀಂದಾಕಿ ಒಬ್ಬಾಕಿ, ಇಬ್ಬರೂ ಹಿಂಗ ಬಲಕ್ಕ ಹೋಗಿ ಹೊರಗ ಬಿದ್ದಿದ್ರಂತ. ಅವರನ್ನೂ ಇಂಥಾದ್ದ ಕಾಗದಾ ಕೊಟ್ಟು ಕಳಿಸಿದ್ರು. ಸಾಲಿ ಮಾಲಕ, "ಹೊಲದಾಗ ಬೆಳದ ಹುಡುಗರು, ಹೇಳಿದ್ದು ಕಿವ್ಯಾಗ ಹೋಗಂಗಿಲ್ಲ" ಅಂದಿದ್ದನಂತ.

ನಾ ನಾಗನೂರಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ, ಎರಡ ಬಸ್ಸ ಹತ್ತಿ ಮಾಸ್ತರ ಮನಿಗೆ ಹೋದೆ. ಅವರ ಹೆಂಡತಿ ಪಡಸಾಲ್ಯಾಗ ಕುಂತಿದ್ರು. ಮಾಸ್ತರು ನನ್ನ ನೋಡಿ ಚಾ ಇಡಾಕ ಎದ್ರು. "ನಂಗ ಮೂವತ್ತ ವರ್ಷದಿಂದ ಗ್ಯಾಸ ಹಚ್ಚಾಕ ಬಿಟ್ಟಿಲ್ಲರಿ ಇವರು" ಅಂದ್ರು ಆ ತಾಯಿ. ನಕ್ಕೋತನ ಅಂದ್ರು. ನಂಗ ಅದರಾಗ ನಗೂ ಕಾಣಲಿಲ್ಲ.

"ಚಾ ಬ್ಯಾಡ ಮಾಸ್ತರ. ಕೂಡ್ರಿ ಇಲ್ಲೆ."

"ಅರ್ಧ ಕಪ್ಪು ಅಕ್ಕಾರ."

"ಚಾ ಕುಡಿಯಾಕ ಎರಡ ಬಸ್ಸ ಹತ್ತಿ ಬಂದಿಲ್ಲ ನಾ. ಈ ಸಹಿ ನಿಮ್ಮದೇನು?"

"ನಂದ."

"ಓದಿ ಮಾಡಿದ್ರೋ, ಓದದ ಮಾಡಿದ್ರೋ?"

ಓದದ ಮಾಡಿದೆ ಅಂದಿದ್ರ ಅವರಿಗೆ ಸಸಾರ ಇತ್ತು. "ಓದಿ" ಅಂದ್ರು.

"ಅನೇಕ ಸಲ ಅಂತ ಐತಿ ಇದರಾಗ. ನಂಗ ಒಂದ ಸಲ ಸಾಕು. ಯಾವತ್ತ ಹೇಳಿದ್ರಿ, ಏನಂತ ಹೇಳಿದ್ರಿ?"

ಗ್ಯಾಸಿನ ಮ್ಯಾಲ ಚಾ ಉಕ್ಕಿ ಬಂತು. ಅವರ ಹೆಂಡತಿ ಎದ್ದು ಹೋಗಿ ಆರಿಸಿ ಬಂದ್ರು. ಮಾಸ್ತರು ಕುಂತಲ್ಲೆ ಕುಂತಿದ್ರು.

"ಹೇಳಿಲ್ಲ" ಅಂದ್ರು. "ಮಾಲಕ ಬರಸಿಟ್ಟಿದ್ದ, ನಾ ಸಹಿ ಮಾಡಿದೆ. ಹೇಳೂವಂಥಾದ್ದು ನಂಗೇನೂ ಕಂಡಿದ್ದಿಲ್ಲ ಅಕ್ಕಾರ. ಆಕಿ ದಿನಾ ಸೀದಾ ಹೋಗತಿದ್ಲು."

"ದಿನಾ ಸೀದಾ ಹೋಗಾಕಿ ಅವತ್ತೊಂದ ದಿನ ಕಬ್ಬಿನಾಗ ಯಾಕ ಹೊಕ್ಕಳು?"

ಮಾಸ್ತರು ಆ ಕಾಗದಾ ತಗೊಂಡು ಇನ್ನೊಮ್ಮೆ ಓದಿದ್ರು. ಆಮ್ಯಾಲ, "ಭಾನುವಾರ ಬರ್ತೇನಿ. ಆಕಿ ಟ್ರ್ಯಾಕ್ಟರ್ ಹೆಂಗ ಹೊಡೀತಾಳ ಅನ್ನೂದು ನೋಡಬೇಕು ನಾ" ಅಂದ್ರು.

ಬಂದ್ರು. ಸವಿತಾ ಬ್ಯಾಂಡೇಜ್ ಕಟ್ಟಿದ ಎಡಗೈ ಮಡಲಾಗ ಇಟಗೊಂಡು, ಒಂದ ಕೈಲೆ ಸ್ಟೇರಿಂಗ್ ಹಿಡದು, ಟ್ರ್ಯಾಕ್ಟರ್ ಚಾಲೂ ಮಾಡಿದ್ಲು. ಖಾಲಿ ಹೊಲದಾಗ ಒಂದ ಸಾಲ ಹೋದ್ಲು. ಬದುವಿನ ಕಡೆ ಬಂದಾಗ ಬಲಗಾಲ ಎತ್ತಿ, ಇಡೀ ಪಾದಾ ಹಾಕಿ ಒದ್ದಳು. ಟ್ರ್ಯಾಕ್ಟರ್ ಒಂದ ಗಾಲಿ ಮ್ಯಾಲ ಬುಗರಿಯಂಗ ಹೊಳ್ಳಿತು.

ಒಕ್ಕಲತನದ ಮಂದಿಗೆ ಇದು ಗೊತ್ತಿದ್ದದ್ದ. ಟ್ರ್ಯಾಕ್ಟರಿಗೆ ಎಡಗಡೆ ಗಾಲಿಗೆ ಒಂದು, ಬಲಗಡೆ ಗಾಲಿಗೆ ಒಂದು, ಎರಡ ಬ್ರೇಕು. ರಸ್ತೆ ಮ್ಯಾಲ ಹೋಗುವಾಗ ಎರಡೂ ಕೂಡಿಸಿ ಕೊಂಡಿ ಹಾಕ್ತೀವಿ. ಹೊಲದಾಗ ಕೊಂಡಿ ಬಿಚ್ಚತೀವಿ. ಯಾವ ಕಡೆ ಹೊಳ್ಳಬೇಕೋ ಆ ಕಡೀ ಬ್ರೇಕು ಒದಿಯೂದು. ನಾಜೂಕ ಮಾಡಿದ್ರ ಹೊಳ್ಳಂಗಿಲ್ಲ, ಒದೀನ ಬೇಕು. ವಿಮಾನದ ಪೆಡಲ್ಲಿಗೆ ಹಂಗ ಒದ್ದರ ಪಾದ ಮ್ಯಾಲಿನ ತುದಿಗೆ ಬಿದ್ದು ಬ್ರೇಕು ಹತ್ತತೈತಿ.

ಮಾಸ್ತರು, "ಇನ್ನೊಮ್ಮೆ" ಅಂದ್ರು. ಇನ್ನೊಮ್ಮೆ ಹೊಳ್ಳಿಸಿದ್ಲು. ಮಾಸ್ತರು ಬದುವಿನ ಮ್ಯಾಲ ಕುಂತುಬಿಟ್ರು.

"ಆ ಇಬ್ಬರೂ ಟ್ರ್ಯಾಕ್ಟರ್ ಹೊಡಿಯಾವ್ರ" ಅಂದ್ರು. "ಕುಲಗೋಡದಾವ, ಅರಭಾವಿಯಾಕಿ. ಕೇಳಲಿಲ್ಲ ನಾ ಒಬ್ಬರನ್ನೂ."

ಸವಿತಾ ಇಳದು ಬಂದ್ಲು. "ಸರ, ನೀವ ಬಾಜೂಕ ಇದ್ದಾಗ ಹಿಂಗ ಆಗತಿದ್ದಿಲ್ಲಲ್ಲ. ಕಾಲ ಇಟ್ರ ಸಾಕು, ಪೆಡಲ್ ತಾನ ಅಷ್ಟ ಅಷ್ಟ ಸರೀತಿತ್ತು. ವಿಮಾನದ ಗುಣಾನ ಹಂಗ ಅಂತ ತಿಳಕೊಂಡಿದ್ದೆ. ಅವತ್ತ ಸರೀಲಿಲ್ಲ. ಅದಕ್ಕ ಒದ್ದೆ."

"ತಾನ ಸರೀತಿದ್ದಿಲ್ಲವಾ" ಅಂದ್ರು ಮಾಸ್ತರು. "ನನ್ನ ಕಾಲ ಇತ್ತು ಅಲ್ಲೆ."

"ದಿನಾ?"

"ದಿನಾ. ನಾ ಬೇಕಂತ ಮಾಡಿಲ್ಲ. ಮೂತಿ ಜರಾ ಅತ್ತಿತ್ತ ಆದ್ರ ನನ್ನ ಕಾಲ ಕೇಳಂಗಿಲ್ಲ. ನೀ ಹೆದರಬಾರ್ದು ಅಂತ."

ಹುಡುಗಿ ಕೇಳಿದ್ಲು, "ಮತ್ತ ದಿನಾ ಶಾಬ್ಬಾಸ್ ಅಂತಿದ್ರಲ್ಲ ಸರ. ಅದು ಯಾರಿಗೆ ಅಂತಿದ್ರಿ?"

ಮಾಸ್ತರಿಗೆ ಆ ಮಾತಿನ ತುದಿ ಮುಗಸಾಕ ಬರಲಿಲ್ಲ. ಆಕಿ ಹೊಳ್ಳಿ ಮನಿ ಕಡೆ ಹೋದ್ಲು.

ನಾ ಹೋಗಲಿಲ್ಲ. "ಕಾಗದಾ ತಗೊಂಡ ಬರೀರಿ" ಅಂದೆ. "ಈಗ ಆಕಿಗೆ ಹೇಳಿದ್ರಲ್ಲ, ಅದನ್ನ ಬರೀರಿ. ಸಾಲಿಗೂ ಕೊಡ್ರಿ, ಅವರ ಮ್ಯಾಲಿನ ಸರಕಾರದವ್ರಿಗೂ ಕೊಡ್ರಿ."

"ಬರದ್ರ ಕಲಸೂ ಲೈಸನ್ಸ್ ಹೋಗತೈತಿ ಅಕ್ಕಾರ. ಅರವತ್ತ ದಾಟೇತಿ, ಹೊಳ್ಳಿ ಕೊಡಂಗಿಲ್ಲ."

"ಹೋಗ್ಲಿ."

"ಇದನ್ನ ಬಿಟ್ರ ನಂಗ ಬ್ಯಾರೆ ಏನೂ ಬರಂಗಿಲ್ಲ."

"ಆಕಿಗೆ ಇದೂ ಬರದಂಗ ಮಾಡಿದ್ರಿ."

ಮಾಸ್ತರು ಬೂಟಿನ ಮಣ್ಣು ಜಾಡಿಸಿ ಬಸ್ಸಿಗೆ ಹೋದ್ರು. ಬರಿಯಾಕ ಹನ್ನೊಂದ ದಿನ ತಗೊಂಡ್ರು. ಆ ಹನ್ನೊಂದ ದಿನ ಸವಿತಾ ನನಗೂ ಮಾತಾಡಲಿಲ್ಲ, ಅವರಪ್ಪಗೂ ಮಾತಾಡಲಿಲ್ಲ. ಒಳ್ಳೇವ್ರು ಅಂತ ಬರಿಯಾವ್ರು ಆ ಹನ್ನೊಂದ ದಿನಾನೂ ಬರೀರಿ. ಹನ್ನೆರಡನೇ ದಿನ ಬರದು ಎರಡೂ ಕಡೆ ಕೊಟ್ಟರು, ಅದನ್ನೂ ಬರೀರಿ. ತಮ್ಮ ಕಾಲು, ಮಾಲಕನ ಸುಳ್ಳು, ಮೊದಲ ಹೋದ ಇಬ್ಬರು, ಎಲ್ಲಾ ತಮ್ಮ ಕೈಲೆ ಬರದು, ಒಂದ ಪ್ರತಿ ನನ್ನ ಕೈಯಾಗ ತಂದಿಟ್ರು. "ಕಾಗುಣಿತಾ ನೋಡ್ರಿ ಅಕ್ಕಾರ" ಅಂದ್ರು. ನಾಕನೇ ಇಯತ್ತಾದಾಕಿಗೆ. ನಾ ಪೂರಾ ಓದಿದೆ. ತಪ್ಪಿದ್ದಿಲ್ಲ.

ಸರಕಾರದ ಕಡೀಂದ ಏನೂ ಬರಲಿಲ್ಲ. ಸಾಲಿಯವರು ಏನ ಮಾಡಿದ್ರು? ಮಾಸ್ತರಿಗೆ ಶಾಲು ಹೊದಿಸಿ, ಪ್ರಕೃತಿ ಸರಿ ಇಲ್ಲಂತ ಕೆಲಸಾ ಬಿಟ್ಟಾರ ಅಂತ ಸಾರಿದ್ರು. ಸವಿತಾನ್ನ ಬಾಯಿಮುಚ್ಚಿ ಹೊಳ್ಳಿ ಕರಕೊಂಡ್ರು. ಕುಲಗೋಡದಾವಗೂ ಹೇಳಿ ಕಳಿಸಿದ್ರಂತ, ಅಂವಾ ಬರಲಿಲ್ಲ, ಅಂಜಿಕಿ ಹೊಕ್ಕಿತ್ತು. ಅರಭಾವಿಯಾಕೀನ್ನ ಅಷ್ಟರಾಗ ಲಗ್ನಾ ಮಾಡಿ ಕೊಟ್ಟಿದ್ರು. ಮೊನ್ನೆ ಮಾಸ್ತರ ಫೋಟೋಕ್ಕ ಹಾರ ಹಾಕಿ ಆ ಮಾಲಕ ಮೈಕ ಹಿಡದು, "ತಮ್ಮ ಜೀವಮಾನದಾಗ ಒಂದೂ ತಪ್ಪು ಮಾಡದವ್ರು" ಅಂದ. ತಪ್ಪು ಮಾಡಿದ್ರು. ಮಾಡೇನಿ ಅಂತ ಬರದೂ ಕೊಟ್ಟರು. ಅವರ ಇಡೀ ಬಾಳೇದಾಗ ಎದಿ ಗಟ್ಟಿ ಮಾಡಿ ಮಾಡಿದ ಕೆಲಸಾ ಅದ. ಅದನ್ನ ಕಪಾಟಿನಾಗ ಹಾಕಿ ಕೀಲಿ ಜಡದು ಫೋಟೋಕ್ಕ ಹಾರಾ ಹಾಕ್ತೀರಿ. ನನ್ನ ಕಡೆ ಇದ್ದ ಪ್ರತಿ ಈ ಪುಸ್ತಕಕ್ಕ ಕೊಟ್ಟೇನಿ. ಅಚ್ಚ ಹಾಕಬೇಕು. ಹಾಕದಿದ್ರ ನನ್ನ ಬರಹಾನೂ ಹಾಕಬ್ಯಾಡ್ರಿ.

ಸವಿತಾ ಮಾಸ್ತರ ಜೋಡಿ ಮಾತಾಡಿದ್ದು ತಡಾ ಆಗಿ. ಮಾಸ್ತರು ಭಾನುವಾರಕ್ಕೊಮ್ಮೆ ಬರಾಕ ಸುರು ಮಾಡಿದ್ರು. ಕರದಿದ್ದಿಲ್ಲ ಯಾರೂ. ಎರಡ ಹಲಗಿ ತುಂಡು ಬಾಗಲಕ್ಕ ಹಾಕೂ ಬಿಜಾಗ್ರಿಗೆ ಹೊಡದು ಪೆಡಲ್ ಮಾಡಿದ್ರು, ನಮ್ಮ ಅಂಗಳದಾಗ ಕುರ್ಚಿ ಮುಂದ ಇಟ್ರು. ಮೊದಲ ಎರಡ ವಾರ ಆಕಿ ಹೊರಗ ಬರಲಿಲ್ಲ. ಅವರು ಅಂಗಳದಾಗ ಕುಂತು ಹೊಳ್ಳಿ ಹೋದ್ರು. ಮೂರನೇ ವಾರ ಬಂದು ಕುರ್ಚಿ ಮ್ಯಾಲ ಕುಂತ್ಲು.

"ಸರ, ನಿಮ್ಮ ಕಾಲ ಎಲ್ಲದಾವು?"

ಮಾಸ್ತರು ಕೆಳಗ ಕುಂತು ಎರಡೂ ಕಾಲ ಮಡಚಿ ಕುಂಡಿ ಕೆಳಗ ಹಾಕ್ಕೊಂಡ್ರು. "ಈಗ?"

"ಈಗ ಹೇಳ್ರಿ."

ಹಂಗ ಕಲಿಸಿದ್ರು ಎರಡ ತಿಂಗಳ. ಹಿಮ್ಮಡ ನೆಲಾ ಬಿಡಬಾರ್ದು. "ಎಡಕ್ಕ ಹೋತು" ಅಂದ್ರ ಆಕಿ ಬಲ ಮುಂಗಾಲ ಒತ್ತಬೇಕು, ಒದಿಯಬಾರ್ದು. ಆಕಿ ಒದ್ದರ ಮಾಸ್ತರ ಕೈ ಹಲಗಿ ಕಡೆ ಹೊಂಟ ಬರೂದು. ನಾ ಕಟ್ಟಿ ಮ್ಯಾಲ ಕುಂತು ಕೆಮ್ಮತಿದ್ದೆ. ಕೈ ಹಿಂದ ಹೋಗೂದು. ಮಂಡಿ ಹಿಡದು ಏಳಾಕ ಬರತಿದ್ದಿಲ್ಲ ಅವರಿಗೆ. ಎಬ್ಬಸಾಕ ನಾವ್ಯಾರೂ ಹೋಗತಿದ್ದಿಲ್ಲ, ಅವರೂ ಕೈ ಚಾಚತಿದ್ದಿಲ್ಲ.

ಅವರ ಬಗ್ಗೆ ನಂಗ ಇದ್ದ ಸಿಟ್ಟು ಅದರಾಗ ಹೋತೇನು ಅಂದ್ರ ಹೋಗಲಿಲ್ಲ. ಇನ್ನೂ ಐತಿ. ಆದ್ರ ಒಂದ ಹೇಳ್ತೇನಿ. ಸಿಟ್ಟು ಮಾಡಿದ್ರ ಓಡಿ ಹೋಗದ, ಮುಂದ ಬಂದು ಕೂಡೂ ಗಂಡಸರನ್ನ ನಾ ಭಾಳ ನೋಡಿಲ್ಲ.

ಸವಿತಾ ಹೊಳ್ಳಿ ಒಬ್ಬಾಕಿ ಹಾರಿಸೂ ದಿನ ಬಂತು. ಕಲಸಾಕ ಬ್ಯಾರೆ ಮಾಸ್ತರ ಬಂದಿದ್ರು. ನಮ್ಮ ಮಾಸ್ತರನ್ನ ಒಳಗ ಬಿಡತಿದ್ದಿಲ್ಲ. ಹೆದ್ದಾರಿ ಬಾಜೂಕ ಬೇಲಿ ಹೊರಗ ನಿಂತಿದ್ರು. ನಾನೂ ಅವರ ಬಾಜೂಕ ನಿಂತೆ. ಒಳಗ ಕುಂತು ನೋಡ್ರಿ ಅಂದಿದ್ರು ನಂಗ ಸಾಲಿಯವ್ರು. ಅವರ ಕುರ್ಚಿ ನಂಗ ಬೇಕಾಗಿದ್ದಿಲ್ಲ.

ಬೇಲಿ ಕಂಟಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಹಾಳಿ ಪಟಪಟ ಬಡ್ಯಾಕತ್ತಿತ್ತು.

"ಗಾಳಿ ಐತಿ" ಅಂದೆ.

"ಐತಿ" ಅಂದ್ರು. "ಅವತ್ತಿನಷ್ಟ ಐತಿ."

ದೂರ ಆ ತುದಿಗೆ ವಿಮಾನ ಹೊಳ್ಳಿ ನಿಂತಿತು. ಇಂಜಿನ್ ಸಪ್ಪಳ ಏರಿತು. ಓಡಾಕ ಸುರು ಮಾಡಿತು. ನಂಗ ವಿಮಾನ ನೋಡಾಕ ಆಗಲಿಲ್ಲ, ಕೆಳಗ ನೋಡಿದೆ. ಮಾಸ್ತರ ಬಲಗಾಲ, ಬೂಟಿನ ಮುಂಗಾಲು, ಮಣ್ಣಾಗ ಒತ್ತಾಕ ಹತ್ತಿತ್ತು. ಬಿಡೂದು, ಒತ್ತೂದು. ಹಿಮ್ಮಡ ಊರಿ ತಗ್ಗ ಬಿದ್ದಿತ್ತು.

ನಾ ನನ್ನ ಕಾಲ ಎತ್ತಿ ಅವರ ಬೂಟಿನ ಮ್ಯಾಲ ಇಟ್ಟೆ. ಮೈ ಭಾರ ಎಲ್ಲಾ ಹಾಕಿದೆ.

"ಅಕ್ಕಾರ, ಕಾಲ ತಗೀರಿ."

"ಆಕಿ ಮ್ಯಾಲ ಹೋಗೂತನಾ ತಗಿಯಂಗಿಲ್ಲ."

"ಎಡಕ್ಕ ಹೊಂಟೇತ್ರಿ."

"ಹೋಗ್ಲಿ. ಆಕಿ ನೋಡ್ಕೋತಾಳ."

ನನ್ನ ಚಪ್ಪಲಿ ಕೆಳಗ ಅವರ ಬೆರಳ ಅಲಗ್ಯಾಡಿದ್ದು ಗೊತ್ತಾತು. ಆಮ್ಯಾಲ ಸುಮ್ಮನಾದ್ವು. ಸಪ್ಪಳ ನಮ್ಮ ಮುಂದ ಬಂತು. ನಾ ತಲಿ ಎತ್ತಿದಾಗ ಗಾಲಿಗೂ ನೆಲಕ್ಕೂ ನಡುವ ಕಬ್ಬಿನ ಗರಿ ಕಾಣಾಕತ್ತಿದ್ವು.